ಕುಡಿಯುತ್ತೋ, ಚೆಲ್ಲುತ್ತೋ: ಹಳೇ ಟ್ರಾವೆಲರ್‌ನ ಎಂಜಿನ್ ಆಯಿಲ್ ಲೆಕ್ಕ

ಗಾಡಿ ಹಳೇ ಟೆಂಪೋ ಟ್ರಾವೆಲರ್. ಮರ್ಸಿಡಿಸ್‌ನ ಓಎಂ 616 ಮೂಲದ 2.4 ಲೀಟರ್ ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಈಗ ಅದು ನಮ್ಮ ಕ್ಯಾಂಪರ್, ಅಂದರೆ ಒಳಗೇ ಉಳಿದುಕೊಳ್ಳುವ ಗಾಡಿ. ಸೀಟುಗಳಿದ್ದ ಜಾಗದಲ್ಲಿ ಒಂದು ಮಂಚ, ಸಣ್ಣ ಅಡುಗೆ ಕಟ್ಟೆ, ಎಡಗಡೆ ನೀರಿನ ಟ್ಯಾಂಕ್, ಅದರ ಪಕ್ಕ ಎರಡನೇ ಬ್ಯಾಟರಿ. ಬಳ್ಳಾರಿಯಿಂದ ಸಂಡೂರು, ಹಂಪಿ, ಒಮ್ಮೊಮ್ಮೆ ಶ್ರೀಶೈಲ, ಹೀಗೆ ಓಡಾಟ. ಗಾಡಿಯಲ್ಲಿ ಅರ್ಧ ಪಾಲು ನನ್ನದು, ಇನ್ನರ್ಧ ಹೆಂಡತಿಯ ತಮ್ಮನದು.

ತಾಪತ್ರಯ ಏನೆಂದರೆ, ಪ್ರತಿ ಸಲ ಊರಿಗೆ ಬಂದು ಡಿಪ್‌ಸ್ಟಿಕ್ (ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಕಡ್ಡಿ) ಎಳೆದು ನೋಡಿದರೆ ಎಣ್ಣೆ ಕೆಳಗಿನ ಗೀಟಿನ ಹತ್ತಿರ ಇಳಿದಿರುತ್ತಿತ್ತು. ಭಾವಮೈದುನನ ಪರಿಹಾರ ಸರಳ: "ಭಾವ, ಒಂದು ಲೀಟರ್ ಸುರಿದುಬಿಡೋಣ, ಮುಗೀತು." ಕೌಲ್ ಬಜಾರ್ ಕಡೆಯ ನಮ್ಮ ಮಿಸ್ತ್ರಿ ಮಾತ್ರ ಡಬ್ಬಿ ಮುಟ್ಟಗೊಡಲಿಲ್ಲ. "ಗಾಡಿ ಎಣ್ಣೆ ಕುಡಿತೈತೋ, ಚೆಲ್ತೈತೋ, ಮೊದ್ಲು ಅದು ನೋಡ್ರಿ ಅಣ್ಣ. ಸುರಿಯೋದು ಯಾರ್ ಬೇಕಾದ್ರೂ ಸುರಿತಾರೆ" ಅಂದರು. ಅಲ್ಲಿಂದ ಶುರುವಾದ ಕೆಲಸದ ಟಿಪ್ಪಣಿ ಇದು.

ಮಟ್ಟ ಹುಡುಕಿದ್ದು

ಎಷ್ಟು ಎಣ್ಣೆ ಹೋಗುತ್ತಿದೆ ಅಂತ ಹೇಳಬೇಕಾದರೆ ಮೊದಲು ಅಳತೆ ನಂಬುವಂತಿರಬೇಕು. ಡಿಪ್‌ಸ್ಟಿಕ್ ಇಳಿಯುವುದು ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರಿನ ನಟ್ಟನಡುವಿಗಲ್ಲ. ಗಾಡಿ ಮೂತಿ ಎತ್ತಿ ನಿಂತರೆ ಒಂದು ಲೆಕ್ಕ, ತಗ್ಗಿಸಿ ನಿಂತರೆ ಇನ್ನೊಂದು. ನಮ್ಮ ಮನೆ ಮುಂದಿನ ಕಾಂಕ್ರೀಟ್ ರಸ್ತೆ ಚರಂಡಿಯ ಕಡೆ ವಾಲಿದೆ, ಅಂಗಳ ಗೇಟಿನ ಕಡೆ ವಾಲಿದೆ. ಮಳೆನೀರು ನಿಲ್ಲಬಾರದೆಂದು ಗಾರೆಯವರು ಕೊಟ್ಟ ವಾಟ ನೀರಿಗೆ ಒಳ್ಳೆಯದೇ, ಡಿಪ್‌ಸ್ಟಿಕ್ಕಿಗೆ ಅಲ್ಲ. ಇದರ ಮೇಲೆ ಕ್ಯಾಂಪರಿನದೇ ಒಂದು ಪೀಡೆ ಇದೆ: ನೀರಿನ ಟ್ಯಾಂಕ್ ತುಂಬಿದರೆ ಎಡಗಡೆಯ ಕಮಾನು ಪಟ್ಟಿ ಕುಗ್ಗಿ ಇಡೀ ಗಾಡಿ ಆ ಕಡೆ ವಾಲುತ್ತದೆ.

ಬಳ್ಳಾರಿಯಲ್ಲಿ ಸಮತಟ್ಟು ಜಾಗ ಬೇಕಿದ್ದರೆ ವೇಬ್ರಿಜ್‌ಗೆ ಹೋಗಬೇಕು. ಅದಿರು ಲಾರಿ ತೂಗುವ ಆ ಕಬ್ಬಿಣದ ಹಾಸು ಮಟ್ಟವಾಗಿರಲೇಬೇಕು, ಇಲ್ಲದಿದ್ದರೆ ಅವರ ತೂಕವೇ ತಪ್ಪುತ್ತದೆ. ಬೆಳಿಗ್ಗೆ ಲಾರಿಗಳ ಸಾಲು ಬೆಳೆಯುವ ಮುಂಚೆ ಹೋಗಿ, ತೂಕದ ದುಡ್ಡು ಕೊಟ್ಟು, ಟ್ಯಾಂಕ್ ಖಾಲಿ ಇಟ್ಟುಕೊಂಡು ಹಾಸಿನ ಮೇಲೆ ನಿಲ್ಲಿಸಿದೆವು. ಗಾರೆ ಮಿಸ್ತ್ರಿಗಳ ರಸಮಟ್ಟವನ್ನು ಅಡುಗೆ ಕಟ್ಟೆಯ ಮೇಲೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟು, ಗುಳ್ಳೆ ಎಲ್ಲಿ ನಿಲ್ಲುತ್ತದೆ ಅಂತ ಅದರ ಗಾಜಿನ ಮೇಲೇ ಮಾರ್ಕರ್‌ನಲ್ಲಿ ಗೀಟು ಹಾಕಿಕೊಂಡೆ. ನಮ್ಮ ಕಟ್ಟೆ ಸ್ವಲ್ಪ ಓರೆಯೇ. ಇರಲಿ, ಗುಳ್ಳೆ ಅದೇ ಗೀಟಿಗೆ ಬಂದರೆ ಎಂಜಿನ್ ಮಟ್ಟದಲ್ಲಿದೆ ಎಂದರ್ಥ. ಈಗ ಮನೆ ಮುಂದೆ ಚಕ್ರದ ಕೆಳಗೆ ಹಲಗೆ ತುಂಡು ಕೊಟ್ಟು ಗುಳ್ಳೆಯನ್ನು ಅದೇ ಗೀಟಿಗೆ ತರುತ್ತೇವೆ. ಶಿಬಿರ ಹಾಕಿದ ಕಡೆಯೂ ಇದೇ. ರಾತ್ರಿ ಮಲಗಿದಾಗ ತಲೆ ಕೆಳಗಾಗದಂತೆ ಹೇಗೂ ಹಲಗೆ ಕೊಡಬೇಕಲ್ಲ, ಒಂದೇ ಕೆಲಸದಲ್ಲಿ ಎರಡೂ ಆಯಿತು.

ಬಿಸಿಯೋ, ತಣ್ಣಗೋ

ಎಂಜಿನ್ ಬಂದ್ ಮಾಡಿದ ಕೂಡಲೇ ಡಿಪ್‌ಸ್ಟಿಕ್ ಎಳೆದರೆ ಎಣ್ಣೆ ಕಡಿಮೆ ತೋರಿಸುತ್ತದೆ, ಯಾಕೆಂದರೆ ಒಂದಿಷ್ಟು ಇನ್ನೂ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲೇ ಉಳಿದು ನಿಧಾನಕ್ಕೆ ಇಳಿಯುತ್ತಿರುತ್ತದೆ. ಇದು ಎಲ್ಲರಿಗೂ ಗೊತ್ತು. ಇದಕ್ಕೆ ಉಲ್ಟಾ ಎಳೆಯುವ ಇನ್ನೊಂದು ಸಂಗತಿಯನ್ನು ಗ್ಯಾರೇಜಿನಲ್ಲಿ ಯಾರೂ ಹೇಳುವುದಿಲ್ಲ. ಬಿಸಿ ಎಣ್ಣೆ ಹಿಗ್ಗಿರುತ್ತದೆ. ಖನಿಜ ಎಣ್ಣೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಶೇ 0.07ರಷ್ಟು ಹಿಗ್ಗುತ್ತದೆ. ಆರು ಲೀಟರ್ ಎಣ್ಣೆ ಬೆಳಗಿನ 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಅದೇ ಎಣ್ಣೆ ಕಾಲು ಲೀಟರ್ ಜಾಸ್ತಿ ಜಾಗ ಹಿಡಿಯುತ್ತದೆ. ಅಂದರೆ ಒಂದು ದಿನ ಬಿಸಿಯಲ್ಲಿ, ಮರುದಿನ ತಣ್ಣಗಿದ್ದಾಗ ನೋಡಿ "ರಾತ್ರೋರಾತ್ರಿ ಕಾಲು ಲೀಟರ್ ಎಲ್ಲಿ ಹೋಯ್ತು" ಅಂತ ತಲೆ ಕೆರೆದುಕೊಂಡರೆ, ಎಣ್ಣೆ ಎಲ್ಲಿಗೂ ಹೋಗಿರುವುದಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಬಂದ್ ಮಾಡಿ ಐದರಿಂದ ಹತ್ತು ನಿಮಿಷ ಕಾದು ನೋಡುವುದು ಸಾಮಾನ್ಯ ಪದ್ಧತಿ. ನಿಮ್ಮ ಗಾಡಿಯ ಪುಸ್ತಕ ಏನು ಹೇಳುತ್ತದೋ ಅದೇ ಸರಿ. ಹೋದಷ್ಟು ಎಣ್ಣೆಯ ಲೆಕ್ಕ ಇಡುವುದಕ್ಕೆ ಮಾತ್ರ ನಾನು ಬೆಳಿಗ್ಗೆ, ಚಾವಿ ತಿರುಗಿಸುವ ಮುಂಚೆ, ತಣ್ಣನೆಯ ಎಂಜಿನ್ನಿನಲ್ಲಿ ನೋಡುತ್ತೇನೆ. ರಾತ್ರಿಯೆಲ್ಲಾ ಎಣ್ಣೆ ಕೆಳಗೆ ಇಳಿದಿರುತ್ತದೆ, ಕಾಯುವ ತಂಟೆ ಇಲ್ಲ. ಯಾವುದಾದರೂ ಒಂದಕ್ಕೆ ಗಟ್ಟಿಯಾಗಿ ಅಂಟಿಕೊಂಡರೆ ಸಾಕು.

ಡಿಪ್‌ಸ್ಟಿಕ್ ಎಳೆಯುವ ಮುಂಚೆ

ಸಂಡೂರಿನ ಬೆಟ್ಟದ ಅದಿರು ಹೆಮಟೈಟ್. ಲಾರಿಗಳ ಹಿಂದೆ ಒಂದು ಗಂಟೆ ಹೋದರೆ ಬಾನೆಟ್ ಒಳಗೆಲ್ಲಾ ಕುಂಕುಮದ ಬಣ್ಣ. ನೋಡಲು ನಯವಾದ ಪುಡಿ, ಆದರೆ ಕಬ್ಬಿಣದ ಆ ಧೂಳು, ಅದರ ಜೊತೆ ಸೇರಿದ ಮರಳಿನ ಧೂಳು, ಎರಡೂ ಬೇರಿಂಗನ್ನು ಸವೆಸುವಷ್ಟು ಗಟ್ಟಿ. ಹಾಗಾಗಿ ಕಡ್ಡಿಯ ಕೊಳವೆಯ ಬಾಯಿ ಮತ್ತು ಎಣ್ಣೆ ಮುಚ್ಚಳದ ಸುತ್ತ ಒರೆಸದೆ ಯಾವುದನ್ನೂ ತೆಗೆಯುವಂತಿಲ್ಲ. ಮೊದಲು ಬ್ರಷ್, ಆಮೇಲೆ ಬಟ್ಟೆ, ಆಮೇಲೆ ಮುಚ್ಚಳ.

ಬಟ್ಟೆಯ ಬಗ್ಗೆ ಒಂದು ಮಾತು. ಈ ಊರಲ್ಲಿ ಜೀನ್ಸ್ ಕಟಿಂಗ್ ಚೂರು ಬೇಕಾದಷ್ಟು ಸಿಗುತ್ತದೆ, ಎಲ್ಲಾ ಗ್ಯಾರೇಜಿನಲ್ಲೂ ಅದರ ಗುಡ್ಡೆ. ಒಗೆಯದ ಡೆನಿಮ್‌ನಲ್ಲಿ ಗಂಜಿ ಇರುತ್ತದೆ, ಅದು ಎಣ್ಣೆ ಹೀರುವುದಕ್ಕಿಂತ ಹರಡುವುದೇ ಜಾಸ್ತಿ. ಅಂಚಿನ ದಾರವೂ ಬಿಚ್ಚಿಕೊಂಡು ಕಡ್ಡಿಗೆ ಅಂಟುತ್ತದೆ. ಹಳೇ ಬನಿಯನ್ನೇ ಸರಿ.

ಮೊದಲ ಎಳೆತ ನಂಬಬೇಡಿ. ಒರೆಸಿ, ಪೂರ್ತಿ ಕೂರುವ ತನಕ ಒಳಗೆ ಹಾಕಿ, ಮತ್ತೆ ಎಳೆದು, ಅಡ್ಡ ಹಿಡಿದು ಎರಡೂ ಮುಖ ನೋಡಬೇಕು. ಕೊಳವೆಯ ಗೋಡೆಗೆ ತಾಗಿದ ಮುಖದಲ್ಲಿ ಎಣ್ಣೆ ಮೇಲಕ್ಕೆ ಎಳೆದುಕೊಂಡು ಬಂದು ಜಾಸ್ತಿ ತೋರಿಸುತ್ತದೆ, ಹಾಗಾಗಿ ಕಡಿಮೆ ತೋರಿಸುವ ಮುಖವೇ ನಿಜ. ಕಡ್ಡಿಯ ಮೇಲಿನ ಎಣ್ಣೆ ಕಪ್ಪಗಿದ್ದರೆ ಗಾಬರಿ ಬೇಡ. ಹಳೇ ಡೀಸೆಲ್ಲಿನಲ್ಲಿ ಹೊಸ ಎಣ್ಣೆಯೂ ನೂರಿನ್ನೂರು ಕಿಲೋಮೀಟರಿಗೇ ಮಸಿಯಿಂದ ಕಪ್ಪಾಗುತ್ತದೆ. ಬೆರಳುಗಳ ನಡುವೆ ಉಜ್ಜಿದಾಗ ಕರಕರ ಅಂದರೆ, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ಮೂಸಿದರೆ ಡೀಸೆಲ್ ಹೊಡೆದರೆ ಚಿಂತೆ ಮಾಡಬೇಕು. ಮೊದಲನೆಯದು ಏರ್ ಫಿಲ್ಟರ್ ದಾಟಿ ಬಂದ ಧೂಳು. ಎರಡನೆಯದು ನೀರು, ಹೆಚ್ಚಾಗಿ ಹೆಡ್ ಪ್ಯಾಕಿಂಗ್ (ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸಂದಿ ಮುಚ್ಚುವ ಹಾಳೆ) ಕಡೆಯಿಂದ. ಮೂರನೆಯದರಲ್ಲಿ ಮಟ್ಟ ಇಳಿಯುವ ಬದಲು ಏರುತ್ತಿರುತ್ತದೆ, ಮಾಲೀಕ "ನಮ್ಮ ಗಾಡಿ ಎಣ್ಣೇನೇ ತಿನ್ನಲ್ಲ" ಅಂತ ಖುಷಿಪಡುತ್ತಿರುತ್ತಾನೆ. ಎಣ್ಣೆಯಲ್ಲಿ ಡೀಸೆಲ್ ಬೆರೆತರೆ ಅದರ ಗಟ್ಟಿತನ ಹೋಗಿ ಬೇರಿಂಗ್ ಕೆಡುತ್ತದೆ. ಈ ಮೂರರಲ್ಲಿ ಯಾವುದಿದ್ದರೂ ಮೇಲಿಂದ ಎಣ್ಣೆ ಸುರಿಯುವುದು ವ್ಯರ್ಥ.

ನಮ್ಮದರಲ್ಲಿ ಮೂರೂ ಇರಲಿಲ್ಲ. ಕಪ್ಪು, ನಯ, ಅಷ್ಟೇ.

ಎರಡು ಗೀಟಿನ ನಡುವೆ ಎಷ್ಟು?

ಕೆಳಗಿನ ಗೀಟಿನಿಂದ ಮೇಲಿನ ಗೀಟಿಗೆ ಒಂದು ಲೀಟರ್ ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಕಾರುಗಳಲ್ಲಿ ಹೆಚ್ಚುಕಡಿಮೆ ಹೌದು, ಎಲ್ಲಾ ಎಂಜಿನ್ನಿಗೂ ಅಲ್ಲ. ಆಯಿಲ್ ಬದಲಿಸುವ ಸರದಿ ಹೇಗೂ ಬಂದಿತ್ತು, ಆಗಲೇ ಅಳೆದುಬಿಟ್ಟೆವು. ಹಳೆಯದನ್ನು ಇಳಿಸಿ, ಫಿಲ್ಟರ್ ಹೊಸದು ಹಾಕಿ, ಡ್ರೈನ್ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಕೊಟ್ಟು, ಕೆಳಗಿನ ಗೀಟು ದಾಟುವಷ್ಟು ಎಣ್ಣೆ ಹಾಕಿದೆವು. ಒಂದು ನಿಮಿಷ ಎಂಜಿನ್ ಓಡಿಸಿದಾಗ ಫಿಲ್ಟರ್ ತುಂಬಿಕೊಂಡು ಮಟ್ಟ ಇಳಿಯಿತು. ಬಂದ್ ಮಾಡಿ, ಕಾದು, ಸರಿಯಾಗಿ ಕೆಳಗಿನ ಗೀಟಿಗೆ ತಂದು, ಅಲ್ಲಿಂದ ಅಳೆದು ಅಳೆದು ಸುರಿದೆವು. ಎಣ್ಣೆ ಡಬ್ಬಿಯ ಪಕ್ಕದಲ್ಲಿ ಪಾರದರ್ಶಕ ಪಟ್ಟಿ, ಅದರ ಮೇಲೆ ಗೀಟು ಇರುತ್ತವಲ್ಲ, ಅಳತೆಗೆ ಅದೇ ಸಾಕು. ನಮ್ಮ ಗಾಡಿಯಲ್ಲಿ ಎರಡು ಗೀಟಿನ ನಡುವೆ ಎರಡು ಲೀಟರಿಗೆ ತುಸು ಕಡಿಮೆ ಹಿಡಿಯಿತು. ಇದು ಗೊತ್ತಾದ ಮೇಲೆ ಡಿಪ್‌ಸ್ಟಿಕ್ ಮಾತಾಡಲು ಶುರು ಮಾಡಿತು. ಅರ್ಧ ತೋರಿಸಿದರೆ ಸುಮಾರು ಒಂದು ಲೀಟರ್ ಹೋಗಿದೆ.

ಇಳಿಸಿದ ಹಳೇ ಎಣ್ಣೆಗೆ ಗಿರಾಕಿಗಳಿಗೇನೂ ಕಮ್ಮಿ ಇಲ್ಲ. ಸೆಂಟ್ರಿಂಗ್‌ನವರು ಹಲಗೆಗೆ ಬಳಿಯಲು ಕೇಳಿಕೊಂಡು ಬರುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಹಾಗಾಗಿ ಅವರಿಗೆ ಕೊಡದೆ ಮಿಸ್ತ್ರಿಯ ಡ್ರಮ್ಮಿಗೆ ಹಾಕಿದೆವು, ಅಲ್ಲಿಂದ ಮರುಸಂಸ್ಕರಣೆಗೆ ಒಯ್ಯುವವರು ಬರುತ್ತಾರೆ. ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಲ್ಲಿ ತೂತು ಹೊಡೆದು ಬಿಸಾಡಿ. ಒಳ್ಳೇ ಖಾಲಿ ಡಬ್ಬಿಗೆ ನಕಲಿ ಎಣ್ಣೆ ತುಂಬಿ ಮಾರುವ ಕಸುಬು ಇದೆ.

ಯಾವ ಎಣ್ಣೆ

ಪುಸ್ತಕದಲ್ಲಿ ಬರೆದದ್ದು, ಅಷ್ಟೇ. ನಾವು ಹಾಕುವುದು 15ಡಬ್ಲ್ಯು-40, ಡೀಸೆಲ್ ಎಂಜಿನ್ನಿನದು. ಡಬ್ಬಿಯ ಮೇಲೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿನಲ್ಲಿ 'ಸಿ' ಇಂದ ಶುರುವಾಗುವುದು ಡೀಸೆಲ್ಲಿಗೆ, 'ಎಸ್' ಇಂದ ಶುರುವಾಗುವುದು ಪೆಟ್ರೋಲಿಗೆ. ಸಿಎಫ್-4, ಸಿಎಚ್-4, ಸಿಐ-4 ಹೀಗೆ ಅಕ್ಷರ ಮುಂದೆ ಹೋದಷ್ಟೂ ಹೊಸ ದರ್ಜೆ. ಮಸಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇಂಥ ಎಂಜಿನ್ನಿಗೆ ಮುಖ್ಯ, ಬೈಕಿನ ಎಣ್ಣೆ ಸುರಿದರೆ ಅದು ಸಿಗುವುದಿಲ್ಲ.

"ಬಳ್ಳಾರಿ ಬಿಸಿಲಿಗೆ 20ಡಬ್ಲ್ಯು-50 ಹಾಕ್ರಿ, ಎಣ್ಣೆ ತಿನ್ನೋದು ನಿಲ್ತೈತೆ" ಅಂತ ಅಂಗಡಿಯಲ್ಲಿ ಒಬ್ಬರು ಹೇಳಿದರು. ಬಿಸಿಲಿನ ಮಾತು ಸುಳ್ಳಲ್ಲ, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ಎಣ್ಣೆಯ ಎರಡನೇ ಅಂಕಿ ಅಳೆಯುವುದು 100 ಡಿಗ್ರಿಯ ಗಟ್ಟಿತನವನ್ನು. ರೇಡಿಯೇಟರ್ ಸರಿಯಿದ್ದರೆ ಎಂಜಿನ್ ಒಳಗಿನ ಬಿಸಿ ಚಳಿಗಾಲಕ್ಕೂ ಬೇಸಿಗೆಗೂ ಭಾರಿ ವ್ಯತ್ಯಾಸ ಆಗುವುದಿಲ್ಲ. ಗಟ್ಟಿ ಎಣ್ಣೆ ಹಾಕಿದರೆ ಸೋರಿಕೆ ಸ್ವಲ್ಪ ನಿಧಾನ ಆಗುತ್ತದೆ, ಜಾಗ ಮಾತ್ರ ಮುಚ್ಚುವುದಿಲ್ಲ. ಸೋರುವ ಜಾಗ ಹುಡುಕುವ ಮುಂಚೆ ಎಣ್ಣೆ ಬದಲಿಸಿದರೆ ಕುರುಹು ಮಂಕಾಗುತ್ತದೆ ಅಂತ ಬೇಡ ಅಂದೆ.

ಕೆಂಪು ಧೂಳು ತೋರಿಸಿದ ದಾರಿ

ಈಗ ಮಿಸ್ತ್ರಿಯ ಪ್ರಶ್ನೆ. ಕುಡಿಯುವ ಎಂಜಿನ್, ಅಂದರೆ ಎಣ್ಣೆಯನ್ನು ಒಳಗೇ ಸುಡುವ ಎಂಜಿನ್, ನೀಲಿ ಹೊಗೆ ಬಿಡುತ್ತದೆ. ನಮ್ಮದು ಬೆಳಿಗ್ಗೆ ಹೀಟರ್ ಪ್ಲಗ್ ಕಾದು ಸ್ಟಾರ್ಟ್ ಆದ ಕೂಡಲೇ ಒಂದು ಸಣ್ಣ ನೀಲಿ ಮೋಡ ಬಿಟ್ಟು ಸುಮ್ಮನಾಗುತ್ತದೆ. ರಾತ್ರಿ ವಾಲ್ವ್ ಸೀಲ್ ಮೂಲಕ ಸಿಲಿಂಡರಿಗೆ ಜಿನುಗಿದ ಎಣ್ಣೆ ಅದು. ನಮ್ಮ ಅಳತೆಯಲ್ಲಿ ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಹೋಗುತ್ತಿತ್ತು, ಬರೀ ಆ ಮೋಡದಿಂದಲೇ ಅಷ್ಟು ಹೋಗಲಾರದು.

ಚೆಲ್ಲುವುದನ್ನು ಹುಡುಕಲು ಪೇಟೆಯ ಉಪಾಯ ಎಂದರೆ ಎಂಜಿನ್ ತೊಳೆದು, ಒಣಗಿಸಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ ಓಡಿಸುವುದು. ಪೌಡರ್ ಎಲ್ಲಿ ಒದ್ದೆಯಾಯಿತೋ ಅಲ್ಲಿ ಸೋರಿಕೆ. ಬಳ್ಳಾರಿ ಜಿಲ್ಲೆಯವರಿಗೆ ಪೌಡರ್ ಖರ್ಚಿಲ್ಲ. ಡೀಸೆಲ್ ಅದ್ದಿದ ಬ್ರಷ್‌ನಿಂದ ಬ್ಲಾಕನ್ನೆಲ್ಲಾ ಉಜ್ಜಿ, ಒರೆಸಿ, ಒಣಗಿಸಿ, ತೋರಣಗಲ್ಲು ದಾಟಿ ಸಂಡೂರು, ಅಲ್ಲಿಂದ ಕುಮಾರಸ್ವಾಮಿ ಬೆಟ್ಟದ ಘಾಟಿ ಹತ್ತಿ ಇಳಿದು ಬಂದೆವು. ಬಾನೆಟ್ ಎತ್ತಿದರೆ ಒಣ ಜಾಗದಲ್ಲಿ ಧೂಳು ಊದಿದರೆ ಹಾರುವಷ್ಟು ಹಗುರ, ಕೇಸರಿಯ ಹತ್ತಿರದ ಕೆಂಪು. ಎಣ್ಣೆ ಹರಿದ ಜಾಗದಲ್ಲಿ ಅದೇ ಧೂಳು ಕಡುಗೆಂಪು ಕೆಸರಾಗಿ, ಉಗುರಲ್ಲಿ ಕೆರೆದರೆ ಸುರುಳಿ ಬರುವ ಹಾಗೆ ಹತ್ತಿಕೊಂಡಿತ್ತು. ಕೆಳಗೆ ಚೇಂಬರಿನ ಅಂಚಲ್ಲಿ ಹನಿ ತೂಗುತ್ತಿದ್ದುದರಿಂದ ನಮ್ಮ ಅನುಮಾನ ಇಷ್ಟು ದಿನ ಚೇಂಬರ್ ಪ್ಯಾಕಿಂಗ್ ಮೇಲಿತ್ತು. ಕೆಸರಿನ ಗೆರೆಯನ್ನು ಟಾರ್ಚ್ ಹಿಡಿದು ಮೇಲಕ್ಕೆ ಹಿಂಬಾಲಿಸಿದರೆ ಬ್ಲಾಕಿನ ಪಕ್ಕದಲ್ಲೇ ಏರಿ, ಹೆಡ್ಡಿನ ಹಿಂಭಾಗ ಸುತ್ತಿ, ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಕೊನೆಯಾಯಿತು. ಅದಕ್ಕಿಂತ ಮೇಲೆ ಎಲ್ಲಾ ಒಣ. ಎಣ್ಣೆ ಮೇಲಕ್ಕೆ ಹರಿಯುವುದಿಲ್ಲ, ಹಾಗಾಗಿ ಅತಿ ಎತ್ತರದ ಒದ್ದೆ ಜಾಗವೇ ಬಾಯಿ.

ಪ್ಯಾಕಿಂಗ್ ಬದಲಿಸುವ ಮುಂಚೆ ಮಿಸ್ತ್ರಿ ಇನ್ನೊಂದು ಪರೀಕ್ಷೆ ಮಾಡಿದರು. ಬಿಸಿ ಎಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಎಣ್ಣೆ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಸುಮ್ಮನೆ ಇಟ್ಟರು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಕೆಳಗಿನಿಂದ ನುಗ್ಗುವ ಗಾಳಿಗೆ ಮುಚ್ಚಳ ಕುಣಿದು ಹಾರಿಬೀಳುತ್ತದೆ. ನಮ್ಮದು ನಡುಗಿತು, ಬೀಳಲಿಲ್ಲ. "ರಿಂಗ್ ಇನ್ನೂ ಐತೆ. ಬ್ರೀದರ್ ಪೈಪ್ ನೋಡೋಣ." ಪೈಪ್ ಬಿಚ್ಚಿದರೆ ಒಳಗೆ ಡಾಂಬರಿನಂಥ ಕಪ್ಪು ಗಸಿ ಕಟ್ಟಿಕೊಂಡು ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿತ್ತು. ಉಸಿರಾಡುವ ಕೊಳವೆ ಕಟ್ಟಿದರೆ ಒಳಗಿನ ಒತ್ತಡ ಸಿಕ್ಕ ಸಂದಿಯಲ್ಲಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಇದನ್ನು ಬಿಟ್ಟು ಬರೀ ಪ್ಯಾಕಿಂಗ್ ಹಾಕಿದ್ದರೆ ಹೊಸದೂ ಬೇಗ ಸೋರುತ್ತಿತ್ತು. ಡೀಸೆಲ್ಲಿನಲ್ಲಿ ನೆನೆಹಾಕಿ, ಸೈಕಲ್ ಬ್ರೇಕಿನ ತಂತಿಯಿಂದ ಕೆರೆದು, ಒಣಗಿಸಿ ಹಾಕಿದೆವು.

ಟ್ಯಾಪೆಟ್ ಕವರ್ ಕೆಲಸ ದೊಡ್ಡದೇನಲ್ಲ. ಹಳೇ ರಬ್ಬರ್ ಪ್ಯಾಕಿಂಗ್ ಬಗ್ಗಿಸಿದರೆ ಪಟ್ ಅಂತ ಮುರಿಯಿತು. ಪ್ಯಾಕಿಂಗ್ ಕೂರುವ ಕವರಿನ ತೋಡನ್ನು ಪೂರ್ತಿ ಕೆರೆದು ಸ್ವಚ್ಛ ಮಾಡಿ ಹೊಸದನ್ನು ಒಣಗಿದ್ದಂತೆಯೇ ಕೂರಿಸಿದರು. ಶೆಲಾಕ್ ಅಂಟು ಬಳಿಯಲಾ ಅಂತ ಭಾವಮೈದುನ ಕೇಳಿದ. ರಬ್ಬರಿಗೆ ಬೇಡ, ಜಾರಿ ಹೊರಗೆ ಬರುತ್ತದೆ ಅಂದರು. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ. ಒಂದನ್ನೇ ಜೋರಾಗಿ ಎಳೆದರೆ ಕವರ್ ಸೊಟ್ಟಗಾಗಿ ಇನ್ನೊಂದು ಮೂಲೆ ಎದ್ದು ನಿಲ್ಲುತ್ತದೆ.

ಸುರಿಯುವುದು

ಇದೆಲ್ಲ ಆದಮೇಲೆ ಎಣ್ಣೆ ಹಾಕುವುದು ಎರಡು ಮಾತಿನ ಕೆಲಸ. ಲಾಳಿಕೆ ಒರೆಸಿ, ಒಂದು ಸಲಕ್ಕೆ ಕಾಲು ಲೀಟರ್, ಐದು ನಿಮಿಷ ಕಾದು, ಕಡ್ಡಿ ನೋಡಿ, ಬೇಕಿದ್ದರೆ ಮತ್ತೆ. ಮೇಲಿನ ಗೀಟಿಗಿಂತ ಒಂದು ಬೆರಳಿನ ಗೆರೆಯಷ್ಟು ಕೆಳಗೇ ನಿಲ್ಲಿಸುತ್ತೇನೆ. ಮುಚ್ಚಳದ ರಬ್ಬರ್ ನೋಡಿ ಬಿಗಿ ಮಾಡುವುದು ಮರೆಯುವಂತಿಲ್ಲ.

"ಸ್ವಲ್ಪ ಜಾಸ್ತಿಯಾದ್ರೆ ಏನೀಗ" ಅನ್ನುವವರಿಗೆ: ಮಟ್ಟ ತೀರಾ ಮೇಲೇರಿದರೆ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ಬಡಿದು ನೊರೆ ಮಾಡುತ್ತದೆ. ನೊರೆಯನ್ನು ಪಂಪು ಸರಿಯಾಗಿ ತಳ್ಳಲಾರದು, ಬೇರಿಂಗಿಗೆ ಒತ್ತಡ ಇಳಿಯುತ್ತದೆ. ಇನ್ನೂ ಕೆಟ್ಟದ್ದು ಡೀಸೆಲ್ಲಿನಲ್ಲಿ ಇದೆ. ಬ್ರೀದರ್ ಮೂಲಕ ಎಣ್ಣೆ ಗಾಳಿಯ ದಾರಿಗೆ ನುಗ್ಗಿದರೆ ಎಂಜಿನ್ ಅದನ್ನೇ ಸುಟ್ಟುಕೊಂಡು ತನ್ನಷ್ಟಕ್ಕೆ ಓಡತೊಡಗಬಹುದು. ಆಗ ಚಾವಿ ತೆಗೆದರೂ ನಿಲ್ಲದು, ಯಾಕೆಂದರೆ ಅದು ಡೀಸೆಲ್ ಕುಡಿಯುತ್ತಿರುವುದಿಲ್ಲ. ಬ್ರೇಕ್ ಗಟ್ಟಿಯಾಗಿ ತುಳಿದು, ಟಾಪ್ ಗೇರ್ ಹಾಕಿ ಕ್ಲಚ್ ಬಿಡಬೇಕು, ಇಲ್ಲವೇ ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು. ಕೈಯಿಂದ ಅಲ್ಲ, ಬಟ್ಟೆಯಿಂದಲೂ ಅಲ್ಲ, ಎಳೆದುಕೊಂಡುಬಿಡುತ್ತದೆ. ಜಾಸ್ತಿ ಹಾಕಿದ್ದು ಗೊತ್ತಾದರೆ ಸ್ಟಾರ್ಟ್ ಮಾಡದೆ ಡ್ರೈನ್ ಬೋಲ್ಟ್ ಸಡಿಲಿಸಿ ಇಳಿಸಿ.

ಮೀಟರ್ ಬೋರ್ಡಿನ ಕೆಂಪು ಎಣ್ಣೆ ದೀಪವನ್ನು ಮಟ್ಟದ ದೀಪ ಅಂದುಕೊಂಡವರು ಬಹಳ. ಅದು ಒತ್ತಡದ್ದು. ಘಾಟಿಯ ಏರಿನಲ್ಲೋ ತಿರುವಿನಲ್ಲೋ ಅದು ಮಿಣುಕಿದರೆ ಪಂಪಿನ ಬಾಯಿಗೆ ಎಣ್ಣೆ ಸಿಗುತ್ತಿಲ್ಲ ಎಂದರ್ಥ. ಮುಂದಿನ ಬಂಕಿನವರೆಗೆ ಹೋಗೋಣ ಅನ್ನದೆ ಅಲ್ಲೇ ಬಂದ್ ಮಾಡಬೇಕು. ಸ್ಟಾರ್ಟ್ ಮಾಡುವ ಮುಂಚೆ ಚಾವಿ ತಿರುಗಿಸಿದಾಗ ದೀಪ ಹತ್ತುತ್ತದೋ ಅಂತಲೂ ಒಮ್ಮೆ ನೋಡಿಕೊಳ್ಳಿ, ಬಲ್ಬೇ ಸುಟ್ಟಿದ್ದರೆ ಎಂದೂ ಹತ್ತುವುದಿಲ್ಲ.

ಈಗಿನ ಲೆಕ್ಕ

ಪ್ಯಾಕಿಂಗ್, ಬ್ರೀದರ್ ಆದಮೇಲೆ ಸಾವಿರ ಕಿಲೋಮೀಟರಿಗೆ ಮುಕ್ಕಾಲು ಲೀಟರ್ ಹೋಗುತ್ತಿದ್ದದ್ದು ಕಾಲು ಲೀಟರಿಗೆ ಇಳಿದಿದೆ. ಉಳಿದದ್ದು ವಾಲ್ವ್ ಸೀಲಿನದು, ಅಂದರೆ ಅಷ್ಟನ್ನು ಗಾಡಿ ನಿಜವಾಗಿಯೂ ಕುಡಿಯುತ್ತದೆ. ಕಾಲು ಲೀಟರಿಗಾಗಿ ಹೆಡ್ ಕೆಲಸಕ್ಕೆ ಕೈ ಹಾಕುವ ಉಮೇದು ನನಗಿಲ್ಲ. ಕಂಪ್ರೆಷನ್ ಇದೆ, ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಏರು ಹತ್ತುತ್ತದೆ.

ಕಿಲೋಮೀಟರ್ ಲೆಕ್ಕ ಕ್ಯಾಂಪರಿಗೆ ಪೂರ್ತಿ ಒಪ್ಪುವುದಿಲ್ಲ ಅನ್ನುವುದು ಪಟ್ಟಿ ಬರೆಯುತ್ತಾ ಹೋದಂತೆ ಗೊತ್ತಾಯಿತು. ಎರಡನೇ ಬ್ಯಾಟರಿ ಚಾರ್ಜ್ ಆಗಲಿ ಅಂತ ನಿಂತಲ್ಲೇ ಎಂಜಿನ್ ಓಡಿಸುತ್ತೇವೆ, ಅದಿರು ಲಾರಿಗಳ ಜಾಮಿನಲ್ಲಿ ಗಂಟೆಗಟ್ಟಲೆ ಐಡಲಿನಲ್ಲಿ ನಿಲ್ಲುತ್ತೇವೆ. ಮೀಟರ್ ಓಡದಿದ್ದರೂ ಎಣ್ಣೆ ದುಡಿಯುತ್ತಲೇ ಇರುತ್ತದೆ, ಮಸಿಯೂ ಸೇರುತ್ತಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಈಗ ನಾಲ್ಕು ಕಾಲಂ: ಮೀಟರ್ ರೀಡಿಂಗ್, ನಿಂತು ಓಡಿಸಿದ ಗಂಟೆ, ಕಡ್ಡಿಯ ಮಟ್ಟ, ಹಾಕಿದ ಎಣ್ಣೆ. ಆಯಿಲ್ ಬದಲಿಸುವುದನ್ನೂ ಪುಸ್ತಕದ ಕಿಲೋಮೀಟರಿಗಿಂತ ಬೇಗ ಮಾಡುತ್ತಿದ್ದೇವೆ. ಏರ್ ಫಿಲ್ಟರ್ ಅಂತೂ ಸಂಡೂರಿನಿಂದ ಬಂದಾಗಲೆಲ್ಲ ಬಿಚ್ಚಿ ನೋಡುತ್ತೇವೆ.

ಅದೇ ಗ್ರೇಡಿನ ಒಂದು ಲೀಟರ್ ಡಬ್ಬಿ, ಲಾಳಿಕೆ, ಬನಿಯನ್ ತುಂಡು ಮೂರೂ ಮುಚ್ಚಳವಿರುವ ಬಕೆಟಿನಲ್ಲಿ ಹಿಂದಿನ ಬಾಗಿಲ ಹತ್ತಿರ ಇರುತ್ತವೆ. ಮೊದಲು ಗ್ಯಾಸ್ ಒಲೆಯ ಕೆಳಗಿನ ಖಾನೆಯಲ್ಲಿ ಇಡೋಣ ಅಂತ ಭಾವಮೈದುನನ ಸಲಹೆ ಇತ್ತು. ಎಣ್ಣೆ ಬಟ್ಟೆ ಮತ್ತು ಒಲೆ ಒಂದೇ ಕಡೆ ಬೇಡ ಅಂತ ಅವನ ಅಕ್ಕ ಅಲ್ಲಿ ಅಕ್ಕಿ ಡಬ್ಬ ಇಟ್ಟುಬಿಟ್ಟಳು.